ಗಾಳ ಆಮೇಲೆ, ಮೊದಲು ನೀರು ಮುಟ್ಟಿ ನೋಡಿ

ಹೋದ ತಿಂಗಳ ಅಂಕಣದಲ್ಲಿ ಮಾತಿಗೆ ಮಾತು ಬಂದು, ಹಿಮ ಬಿದ್ದ ದಡದಲ್ಲಿ ನಿಂತು ಟ್ರೌಟ್ ಅನ್ನುವ ತಣ್ಣೀರಿನ ಮೀನು ಹಿಡಿದಿದ್ದೆ ಅಂತ ಒಂದು ಸಾಲು ಬರೆದುಬಿಟ್ಟೆ. ಅಷ್ಟಕ್ಕೇ ಇಷ್ಟು ಪತ್ರ ಬರುತ್ತವೆ ಅಂದುಕೊಂಡಿರಲಿಲ್ಲ. ತೆಂಗಿನ ನುಸಿ ಬಗ್ಗೆ, ಪಹಣಿ ತಿದ್ದುಪಡಿ ಬಗ್ಗೆ ಕೇಳಿದವರು ಬೇಜಾರು ಮಾಡಿಕೊಳ್ಳಬೇಡಿ, ನಿಮ್ಮದು ಮುಂದಿನ ಸಲ. ಈ ಸಲ ಪೂರ್ತಿ ಮೀನೇ.

ಪ್ರಶ್ನೆ: ಸರ್, ಫೆಬ್ರವರಿ ಕೊನೆಯ ವಾರ ಅಮೆರಿಕದ ಪೆನ್ಸಿಲ್ವೇನಿಯಾದಲ್ಲಿರುವ ಅಣ್ಣನ ಮನೆಗೆ ಹೋಗುತ್ತಿದ್ದೇನೆ. ಚಿಕ್ಕಂದಿನಿಂದ ಕಂದವಾರ ಕೆರೆಯಲ್ಲಿ ಗಾಳ ಹಾಕಿದವನು ನಾನು. ಅಲ್ಲಿ ಒಂದು ದಿನ ಟ್ರೌಟ್ ಹಿಡಿಯುವ ಆಸೆ. ಅಣ್ಣ ನಗುತ್ತಾನೆ, ಆ ಚಳಿಯಲ್ಲಿ ಮೀನು ಬಾಯೇ ಬಿಡಲ್ಲ ಅಂತಾನೆ. ನಿಜಾನಾ?
ಒಬ್ಬ ಓದುಗ, ಚಿಕ್ಕಬಳ್ಳಾಪುರ

ಉತ್ತರ: ನಿಮ್ಮಣ್ಣ ಹೇಳಿದ್ದು ಅರ್ಧ ನಿಜ. ಬಾಯಿ ಬಿಡುತ್ತದೆ, ಆದರೆ ಎದ್ದು ಬಂದು ಬಿಡುವುದಿಲ್ಲ. ಮೀನಿಗೆ ನಮ್ಮ ಹಾಗೆ ಸ್ವಂತ ಮೈಬಿಸಿ ಇಲ್ಲ, ನೀರು ಎಷ್ಟು ಬಿಸಿಯೋ ಅದರ ಮೈಯೂ ಅಷ್ಟೇ. ನೀರು ತಣ್ಣಗಾದರೆ ಮೈಯೊಳಗಿನ ಕೆಲಸವೆಲ್ಲ ನಿಧಾನ, ತಿಂದದ್ದು ಕರಗುವುದೂ ನಿಧಾನ. ಟ್ರೌಟ್‌ಗೆ ಚೆನ್ನಾಗಿ ಹಸಿವಾಗುವುದು ನೀರು 10ರಿಂದ 16 ಡಿಗ್ರಿ ಸೆಲ್ಸಿಯಸ್ ಇದ್ದಾಗ. 4 ಡಿಗ್ರಿಗೆ ಇಳಿದರೂ ಅದು ಆರಾಮಾಗೇ ಇರುತ್ತದೆ, ಆದರೆ ಊಟಕ್ಕೆ ಅಂತ ಓಡಾಡುವುದಿಲ್ಲ. ಮಧ್ಯಾಹ್ನ ಉಂಡು ಜಗಲಿ ಮೇಲೆ ಒರಗಿದ ತಾತನನ್ನು ನೋಡಿದ್ದೀರಲ್ಲ, ಕಡಲೆಕಾಯಿ ತಟ್ಟೆ ಕೈಗೆಟುಕಿದರೆ ಒಂದೆರಡು ಬಾಯಿಗೆ ಹಾಕಿಕೊಳ್ಳುತ್ತಾನೆ, ಎದ್ದು ಹೋಗಿ ತರುವ ಮಾತಿಲ್ಲ. ಹಾಗೆ.

ಆದ್ದರಿಂದ ಕೋಲು, ಗಾಳ, ಹುಳು ಎಲ್ಲ ಆಮೇಲೆ. ಒಂದು ಸಣ್ಣ ಥರ್ಮಾಮೀಟರನ್ನು ದಾರಕ್ಕೆ ಕಟ್ಟಿಕೊಂಡು ಹೋಗಿ. ಇದನ್ನು ನಾನು ಕಲಿತದ್ದು ಹೇಗೆ ಅಂತ ಹೇಳಿಬಿಡುತ್ತೇನೆ, ನಿಮಗೆ ಬೇಕಾದ್ದೆಲ್ಲ ಅದರಲ್ಲೇ ಇದೆ.

ನನ್ನ ಮಗಳು ಅಳಿಯ ಇರುವುದು ಅದೇ ಪೆನ್ಸಿಲ್ವೇನಿಯಾದ ಸ್ಟೇಟ್ ಕಾಲೇಜ್ ಅನ್ನುವ ಊರಲ್ಲಿ. ಫೆಬ್ರವರಿ ಕೊನೆ. ನಾನು ಕುಣಿಗಲ್ ಕೆರೆ ಅಭ್ಯಾಸದವನು, ಬೆಳಗಿನ ಜಾವ ಐದಕ್ಕೇ ಎದ್ದು, ಸ್ವೆಟರ್ ಮೇಲೆ ಸ್ವೆಟರ್ ಹಾಕಿಕೊಂಡು, ಮಂಕಿ ಟೋಪಿ ಎಳೆದುಕೊಂಡು ಸೋಫಾ ಮೇಲೆ ರೆಡಿಯಾಗಿ ಕೂತಿದ್ದೆ. ಅಳಿಯ ಎದ್ದು ಬಂದವನು ನೋಡಿ, "ಮಾವ, ಈಗ ಹೋಗಿ ಏನು ಮಾಡ್ತೀರಾ, ಮೀನೇ ಎದ್ದಿರಲ್ಲ, ದೋಸೆ ತಿನ್ನಿ" ಅಂದ. ನಾವು ಮನೆ ಬಿಟ್ಟಿದ್ದು ಹತ್ತೂವರೆಗೆ. ನಮ್ಮಲ್ಲಿ ಬಿಸಿಲೇರಿದರೆ ಮೀನುಗಾರ ಮನೆಗೆ ಹೊರಡುತ್ತಾನೆ, ಅಲ್ಲಿ ಚಳಿಗಾಲದಲ್ಲಿ ಬಿಸಿಲೇರಿದ ಮೇಲೆ ಮನೆ ಬಿಡುತ್ತಾನೆ. ಹನ್ನೊಂದರಿಂದ ಮೂರರವರೆಗೆ, ಅಷ್ಟೇ ದಿನ.

ದಾರಿಯಲ್ಲಿ ಒಂದು ಸೇತುವೆ ಹತ್ತಿರ ಕಾರು ನಿಲ್ಲಿಸಿದ. ಕೆಳಗೆ ಬೆಟ್ಟದಿಂದ ಇಳಿದ ಹಳ್ಳ. ಅವರು ಕ್ರೀಕ್ ಅನ್ನುತ್ತಾರೆ. ನಾವು ಹಳ್ಳ ಅನ್ನಬಹುದು, ಆದರೆ ನಮ್ಮ ಹಳ್ಳದಲ್ಲಿ ಫೆಬ್ರವರಿಯಲ್ಲಿ ಕಾಣುವುದು ಮರಳು ಮತ್ತು ಜಾಲಿ ಗಿಡ, ಇಲ್ಲಿ ಮೊಣಕಾಲುದ್ದ ನೀರು ಗಾಜಿನ ಹಾಗೆ ಓಡುತ್ತಿತ್ತು. ಎರಡೂ ಅಂಚಿಗೆ ಮಂಜುಗಡ್ಡೆ ಕಟ್ಟಿತ್ತು. ಥರ್ಮಾಮೀಟರ್ ಇಳಿಬಿಟ್ಟ. 1 ಡಿಗ್ರಿ. "ಇಲ್ಲಿ ಬೇಡ" ಅಂದ. ಅಲ್ಲಿಂದ ಕಾಲು ಗಂಟೆ ದೂರದಲ್ಲಿ ಸ್ಪ್ರಿಂಗ್ ಕ್ರೀಕ್. ಅಲ್ಲೂ ಅದೇ ಹಿಮ, ಅದೇ ಗಾಳಿ, ಆದರೆ ನೀರಿನ ಮೇಲೆ ಮುದ್ದೆ ಎಸರಿನ ಹಾಗೆ ಹಬೆ ಏಳುತ್ತಿತ್ತು. ಇಳಿಬಿಟ್ಟರೆ 8 ಡಿಗ್ರಿ! ಒಂದೇ ಊರು, ಒಂದೇ ದಿನ.

ಕಾರಣ ದೊಡ್ಡದೇನಲ್ಲ. ಮೊದಲನೆಯದು ಮಳೆ, ಹಿಮ ಕರಗಿ ಹರಿಯುವ ನೀರು, ಗಾಳಿ ಹೇಗೋ ಅದೂ ಹಾಗೆ. ಎರಡನೆಯದು ಸುಣ್ಣಕಲ್ಲಿನ ನೆಲದಿಂದ ಉಕ್ಕುವ ಬುಗ್ಗೆಗಳ ನೀರು. ಅಲ್ಲಿ ನೆಲದೊಳಗಿನ ನೀರು ವರ್ಷವಿಡೀ ಸುಮಾರು 10 ಡಿಗ್ರಿ ಇರುತ್ತದೆ, ಬೇಸಿಗೆಯಲ್ಲಿ ತಂಪು, ಚಳಿಗಾಲದಲ್ಲಿ ಬೆಚ್ಚಗೆ. ನಮ್ಮ ಬಾವಿ ನೀರು ಸಂಕ್ರಾಂತಿ ಬೆಳಗ್ಗೆ ಸೇದಿದರೆ ಬೆಚ್ಚಗೆ ಇರುತ್ತದಲ್ಲ, ಅದೇ ಲೆಕ್ಕ. ಹಾಗಾಗಿ ಅಣ್ಣನಿಗೆ ಹೇಳಿ, ಚಳಿಗಾಲದಲ್ಲಿ ಬುಗ್ಗೆ ನೀರಿನ ಹಳ್ಳಕ್ಕೆ ಕರೆದುಕೊಂಡು ಹೋಗಲಿ. ಆ ಸೀಮೆಯಲ್ಲಿ ಅಂಥವು ಬೇಕಾದಷ್ಟಿವೆ.

ದಡದಲ್ಲಿ ಅಳಿಯ ಕೋಲು ಕೈಗೆ ಕೊಡಲೇ ಇಲ್ಲ. ನೀರಿಗೆ ಕೈ ಹಾಕಿ ಅಂಗೈ ಅಗಲದ ಒಂದು ಕಲ್ಲು ಎತ್ತಿ ಮಗುಚಿದ. ಅಡಿಯಲ್ಲಿ ಒಂದು ಲೋಕ! ಗೋಧಿ ಕಾಳಿನುದ್ದದ ಒಂದು ಹುಳು ಮರಳಿನ ಹರಳು ಅಂಟಿಸಿ ತನಗೆ ತಾನೇ ಕೊಳವೆ ಮನೆ ಕಟ್ಟಿಕೊಂಡಿತ್ತು. ಪಕ್ಕದಲ್ಲಿ ಸಣ್ಣ ಸೀಗಡಿ ಥರದ ಬೂದು ಜೀವಿಗಳು, ಬೆರಳಿಗೆ ತಾಗಿದರೆ ಸುರುಳಿ ಸುತ್ತಿಕೊಳ್ಳುತ್ತಿದ್ದವು. ಚಳಿಗಾಲದ ಟ್ರೌಟ್‌ಗೆ ಇದೇ ಊಟ, ಮೇಲೆ ಹಾರುವ ಹುಳು ಅಪರೂಪ. ಅದಕ್ಕೇ ಗಾಳಕ್ಕೆ ಕಟ್ಟುವ ನಕಲಿ ಹುಳುವೂ ಇಷ್ಟೇ ಇರಬೇಕು. ನನಗೆ ಕೊಟ್ಟದ್ದು 20ನೇ ನಂಬರಿನ ಗಾಳ, ನೆಲ್ಲಿನ ಕಾಳಿಗಿಂತ ಚಿಕ್ಕದು. ನಮ್ಮ ಗಾಳದ ಸಂಖ್ಯೆಯೂ ಹಾಗೇ, ನಂಬರು ದೊಡ್ಡದಾದಷ್ಟೂ ಗಾಳ ಚಿಕ್ಕದು, ಅಂಗಡಿಯಲ್ಲಿ ಮೋಸ ಹೋಗಬೇಡಿ. ಕನ್ನಡಕ ಏರಿಸಿ ನೋಡಿದರೆ ಆ ಗಾಳದ ಮೈಗೆ ಸುತ್ತಿದ್ದು ನವಿಲುಗರಿಯ ಎಳೆ! ಕುಣಿಗಲ್‌ನಲ್ಲಿ ನಾವು ನವಿಲುಗರಿಯ ದಂಟನ್ನು ಬೆಂಡು ಮಾಡಿ ತೇಲಿಬಿಡುತ್ತಿದ್ದೆವು, ಇವರು ಅದರ ಎಳೆಯನ್ನು ಹುಳು ಮಾಡಿ ಮುಳುಗಿಸುತ್ತಾರೆ. ಹಾಗಂತ ಇಲ್ಲಿಂದ ನವಿಲುಗರಿ ಬ್ಯಾಗಿಗೆ ತುಂಬಿಕೊಂಡು ಹೋಗಬೇಡಿ, ಹೊರದೇಶಕ್ಕೆ ಸಾಗಿಸುವಂತಿಲ್ಲ.

ಇನ್ನು ಎಲ್ಲಿ ಹಾಕುವುದು. ಜೋರಾಗಿ ಹರಿಯುವಲ್ಲಿ ಬೇಡ. ಚಳಿಯಲ್ಲಿ ಮೀನು ಶಕ್ತಿ ಉಳಿಸುತ್ತದೆ, ಹರಿವಿಗೆ ಎದುರಾಗಿ ಈಜಿ ದಣಿಯುವುದಿಲ್ಲ. ಜೋರು ನೀರು ಬಂದು ಆಳದ ಗುಂಡಿಗೆ ಬಿದ್ದು ನಿಧಾನವಾಗುವ ಜಾಗ ಇರುತ್ತದಲ್ಲ, ಆ ಗುಂಡಿಯ ತಳದಲ್ಲಿ, ಒಂದು ಬಂಡೆಯ ಮರೆಯಲ್ಲಿ ಸಾಲಾಗಿ ಕೂತಿರುತ್ತವೆ. ಹುಳು ಅದರ ಬಾಯಿ ಮಟ್ಟದಲ್ಲೇ, ನೀರಿನ ವೇಗದಲ್ಲೇ ತೇಲಿ ಹೋಗಬೇಕು. ದಾರ ಸ್ವಲ್ಪ ಎಳೆದರೂ ಹುಳು ಅಡ್ಡ ಓಡುತ್ತದೆ, ಮೀನು ತಿರುಗಿಯೂ ನೋಡಲ್ಲ. ಇದು ಹೇಳುವಷ್ಟು ಸುಲಭವಲ್ಲ. ಮೇಲಿನ ನೀರು ಜೋರು, ತಳದ ನೀರು ನಿಧಾನ, ದಾರ ಎರಡರ ನಡುವೆ ಸಿಕ್ಕಿಕೊಂಡು ಬಿಲ್ಲಿನ ಹಾಗೆ ಬಾಗುತ್ತದೆ, ಆಗ ಕೋಲಿನ ತುದಿಯಿಂದ ದಾರವನ್ನು ಮೆಲ್ಲಗೆ ಎತ್ತಿ ಮೇಲ್ಗಡೆಗೆ ಹಾಕಬೇಕು, ಅಷ್ಟರಲ್ಲಿ ನನ್ನ ಬೆರಳು ನನ್ನವಾಗಿರಲಿಲ್ಲ. ಜೊತೆಗೆ ಕೋಲಿನ ಬಳೆಗಳಲ್ಲಿ ಮಂಜುಗಡ್ಡೆ ಕಟ್ಟಿ ದಾರ ಹೋಗುತ್ತಲೇ ಇರಲಿಲ್ಲ. ಅಳಿಯ ಕೋಲಿನ ತುದಿಯನ್ನು ನೀರಲ್ಲಿ ಅದ್ದಿ ಕರಗಿಸುತ್ತಿದ್ದ. ಗಾಳಿಗಿಂತ ನೀರು ಬೆಚ್ಚಗೆ, ನೋಡಿ.

ಒಂದೇ ಗುಂಡಿಯಲ್ಲಿ ಮುಕ್ಕಾಲು ಗಂಟೆ. ನಮ್ಮೂರಲ್ಲಾಗಿದ್ದರೆ ಮೂರು ಜಾಗ ಬದಲಾಯಿಸುತ್ತಿದ್ದೆ. ಮಧ್ಯಾಹ್ನ ಒಂದು ಗಂಟೆ ದಾಟಿರಬೇಕು, ತೇಲುಬೆಂಡು ಮುಳುಗಲಿಲ್ಲ, ಅಲುಗಲೂ ಇಲ್ಲ, ಸುಮ್ನೆ ನಿಂತಿತು. ಪಕ್ಕದ ನೊರೆ ಮುಂದೆ ಹೋಯಿತು, ಬೆಂಡು ಹೋಗಲಿಲ್ಲ. "ಎತ್ತಿ ಮಾವ!" ಅಂದ. ನಮ್ಮ ಕೆರೆಯ ಜಿಲೇಬಿ ಮೀನಿಗೆ (ತಿಲಾಪಿಯಾ) ಎಳೆದ ಹಾಗೆ ಎಳೆದೆ, ದಾರ ತುಂಡು. ಕೂದಲಿನಷ್ಟು ಸಣ್ಣ ದಾರಕ್ಕೆ ಕುಣಿಗಲ್ ಎಳೆತ ಆಗುತ್ತಾ? ಎರಡನೇ ಸಲ ಕೋಲು ಎತ್ತಿದೆ ಅಷ್ಟೇ. ಬಂತು. ಗೇಣಿಗಿಂತ ಸ್ವಲ್ಪ ಉದ್ದ, ಬ್ರೌನ್ ಟ್ರೌಟ್. ಹೊಟ್ಟೆ ಬೆಣ್ಣೆ ಬಣ್ಣ, ಬೆನ್ನು ಹುರಿದ ಹುರುಳಿಯ ಬಣ್ಣ, ಪಕ್ಕೆಯಲ್ಲಿ ಕುಂಕುಮದ ಬೊಟ್ಟುಗಳು, ಪ್ರತಿ ಬೊಟ್ಟಿನ ಸುತ್ತ ತೆಳು ನೀಲಿ ಉಂಗುರ. ನೀರಲ್ಲೇ ಹಿಡಿದು, ಗಾಳ ಬಿಡಿಸಿ, ಬಿಟ್ಟೆವು.

ಮೂರು ಗಂಟೆಗೆ ಬಿಸಿಲು ಚುರುಕಾಯಿತು, ನನಗೆ ಖುಷಿ. ಅಳಿಯ ಗಂಟು ಕಟ್ಟುವುದಕ್ಕೆ ಶುರು ಮಾಡಿದ. ಬಿಸಿಲಿಗೆ ದಡದ ಹಿಮ ಕರಗಿ ಹಳ್ಳಕ್ಕೆ ಇಳಿಯುತ್ತಿತ್ತು, ನೀರು ಮಬ್ಬಾಗಿ 6 ಡಿಗ್ರಿಗೆ ಬಂದಿತ್ತು. ಗಾಳಿ ಬೆಚ್ಚಗಾದರೆ ನೀರು ತಣ್ಣಗಾಗುವ ಹೊತ್ತು ಅದು. ಬೆಳಗ್ಗೆ 5 ಇದ್ದು ಏರುತ್ತಿರುವ ನೀರು, ಸಂಜೆ 7 ಇದ್ದು ಇಳಿಯುತ್ತಿರುವ ನೀರಿಗಿಂತ ವಾಸಿ. ಇದನ್ನು ಬರೆದಿಟ್ಟುಕೊಳ್ಳಿ.

ಇನ್ನು ಖರ್ಚಿನ ವಿಷಯ. ಅಲ್ಲಿ 16 ವರ್ಷ ದಾಟಿದವರಿಗೆ ಮೀನು ಹಿಡಿಯಲು ಲೈಸೆನ್ಸ್ ಬೇಕು, ಟ್ರೌಟ್‌ಗೆ ಅದರ ಮೇಲೆ ಇನ್ನೊಂದು ಪರ್ಮಿಟ್. ಪ್ರವಾಸಿಗರಿಗೆ ಕೆಲವೇ ದಿನದ ಲೈಸೆನ್ಸ್ ಕೂಡ ಉಂಟು. ಒಂದೊಂದು ಹಳ್ಳಕ್ಕೆ ಒಂದೊಂದು ನಿಯಮ, ಕೆಲವು ಆ ತಿಂಗಳು ಮುಚ್ಚಿರುತ್ತವೆ. ಅಣ್ಣ ಮೊದಲೇ ನೋಡಿಡಲಿ. ಎದೆವರೆಗಿನ ರಬ್ಬರ್ ಪ್ಯಾಂಟ್ ಬಾಡಿಗೆಗೆ ತಂದರೆ ಮನೆಯಲ್ಲೇ ಸ್ನಾನದ ತೊಟ್ಟಿಯಲ್ಲಿ ನೀರು ತುಂಬಿ ನಿಂತು ನೋಡಿ. ನನಗೆ ಒಂದು ಅಂಗಡಿಯವನು ಕೊಟ್ಟದ್ದರ ಎಡ ಮೊಣಕಾಲಲ್ಲಿ ಗುಂಡುಸೂಜಿಯಷ್ಟು ತೂತಿತ್ತು. ಗುಂಡುಸೂಜಿಯಷ್ಟೇ. ಆ ಮೊಣಕಾಲು ಈಗಲೂ ಆಷಾಢದಲ್ಲಿ ನೆನಪಿಸುತ್ತದೆ.

ಪ್ರಶ್ನೆ: ನಿಮ್ಮ ಬರಹ ಓದಿ ನಮ್ಮನೆಯವರು ಆನ್‌ಲೈನ್‌ನಲ್ಲಿ ಕೋಲು ತರಿಸಿದ್ದಾರೆ. ಮೀನು ಹಿಡಿದು ಮತ್ತೆ ನೀರಿಗೇ ಬಿಟ್ಟು ಬರುತ್ತಾರಂತೆ. ಇದು ಯಾವ ಸೀಮೆ ಆಟ ಸ್ವಾಮಿ? ಸಾರಿಗಾದರೂ ಆಗಬೇಡವಾ?
ಒಬ್ಬ ಗೃಹಿಣಿ, ತುಮಕೂರು

ಉತ್ತರ: ನಿಮ್ಮ ಪತ್ರವನ್ನು ನನ್ನ ಹೆಂಡತಿ ಎರಡು ಸಲ ಓದಿಸಿಕೊಂಡಳು ತಾಯಿ. ಅವಳದೂ ಇದೇ ಪ್ರಶ್ನೆ, ಇಪ್ಪತ್ತು ವರ್ಷದಿಂದ.

ನಾನು ಹೋದ ಸ್ಪ್ರಿಂಗ್ ಕ್ರೀಕ್‌ನ ಕಥೆ ಕೇಳಿ. ದಶಕಗಳ ಹಿಂದೆ ಆ ಹಳ್ಳಕ್ಕೆ ಕಾರ್ಖಾನೆ ವಿಷ ಸೇರಿ, ಅಲ್ಲಿಯ ಮೀನು ತಿನ್ನಬಾರದು ಅಂತಾಯಿತು. ಹಿಡಿದರೆ ಬಿಡಲೇಬೇಕು ಅನ್ನುವ ನಿಯಮ ಬಂತು. ಹೊರಗಿಂದ ಮೀನು ತಂದು ಬಿಡುವುದೂ ನಿಂತಿತು. ಆಮೇಲೆ ಏನಾಯಿತು ಅಂದರೆ, ಕೊಲ್ಲುವವರಿಲ್ಲದೆ, ಹಳ್ಳದಲ್ಲೇ ಹುಟ್ಟಿದ ಮೀನು ತುಂಬಿಕೊಂಡಿತು. ಇವತ್ತು ದೂರದೂರದಿಂದ ಜನ ಅಲ್ಲಿಗೆ ಬರುವುದು ಅದಕ್ಕೇ. ತಣ್ಣೀರಿನ ಹಳ್ಳದಲ್ಲಿ ಮೀನು ಬೆಳೆಯುವುದು ನಿಧಾನ, ಬಂದವರೆಲ್ಲ ಒಂದೊಂದು ಒಯ್ದರೆ ಎರಡು ವರ್ಷಕ್ಕೆ ಖಾಲಿ. ಇದು ಲೆಕ್ಕಾಚಾರ, ಪುಣ್ಯ ಗಿಣ್ಯ ಏನಿಲ್ಲ. ಗಾಳ ಚುಚ್ಚಿದರೆ ಮೀನಿಗೆ ತೊಂದರೆ ಆಗುವುದಿಲ್ಲ ಅಂತ ನಾನು ವಾದ ಮಾಡುವುದಿಲ್ಲ. ಬಿಡುವುದಾದರೆ ಬದುಕುವ ಹಾಗೆ ಬಿಡಬೇಕು. ಮುಳ್ಳಿಲ್ಲದ ಗಾಳ ಬಳಸಬೇಕು, ಕೈ ಒದ್ದೆ ಮಾಡಿಕೊಂಡು ಹಿಡಿಯಬೇಕು, ಒಣ ಕೈ ತಾಗಿದರೆ ಮೈಮೇಲಿನ ಲೋಳೆ ಕಿತ್ತು ಬರುತ್ತದೆ. ಗಾಳಿ ಸೊನ್ನೆ ಡಿಗ್ರಿಗಿಂತ ಕೆಳಗಿದ್ದರೆ ಫೋಟೋಗೆ ಅಂತ ಎತ್ತಿ ಹಿಡಿಯಲೇಬಾರದು, ಕಿವಿರು ಅಲ್ಲೇ ಹೆಪ್ಪುಗಟ್ಟುತ್ತದೆ.

ಇನ್ನೊಂದು ವಿಷಯ, ಚಳಿಗಾಲಕ್ಕೆ ಮುಖ್ಯವಾದದ್ದು. ಬ್ರೌನ್ ಟ್ರೌಟ್ ಮೊಟ್ಟೆ ಇಡುವುದು ಚಳಿ ಶುರುವಾಗುವ ಹೊತ್ತಿಗೆ. ಹೆಣ್ಣು ಬಾಲದಿಂದ ಜಲ್ಲಿಕಲ್ಲು ಗುಡಿಸಿ ಗುಳಿ ಮಾಡಿ, ಮೊಟ್ಟೆ ಇಟ್ಟು, ಮೇಲೆ ಜಲ್ಲಿ ಎಳೆಯುತ್ತದೆ. ಫೆಬ್ರವರಿಯಲ್ಲಿ ಆ ಜಲ್ಲಿಯೊಳಗೆ ಮೊಟ್ಟೆ, ಮರಿ ಇರುತ್ತವೆ. ಸುತ್ತ ಪಾಚಿ ಹಿಡಿದ ಕಲ್ಲಿನ ನಡುವೆ ತೊಳೆದಿಟ್ಟ ಹಾಗೆ ಬೆಳ್ಳಗೆ ಕಾಣುವ ಜಾಗ ಅದು. ಹಿಡಿದ ಮೀನನ್ನೆಲ್ಲ ಬಿಟ್ಟು ಬಂದೆ ಅಂತ ಬೀಗುವ ಮನುಷ್ಯ, ಅದರ ಮೇಲೆ ಬೂಟುಗಾಲಿಟ್ಟು ನಡೆದಿದ್ದರೆ ಏನು ಬಿಟ್ಟ ಹಾಗಾಯಿತು?

ನಿಮ್ಮ ಯಜಮಾನರ ವಿಷಯಕ್ಕೆ ಬರುತ್ತೇನೆ. ಅವರು ಹೋಗುವುದು ತುಮಕೂರಿನ ಸುತ್ತಲ ಕೆರೆಗೆ ತಾನೇ? ಅಲ್ಲಿ ಗಾಳಕ್ಕೆ ಜಾಸ್ತಿ ಬೀಳುವುದು ಜಿಲೇಬಿ. ಅದು ಆಫ್ರಿಕಾದ ಮೀನು, 1952ರಲ್ಲಿ ಭಾರತಕ್ಕೆ ಬಂದದ್ದು, ಮೊಟ್ಟೆ ಮರಿಯನ್ನು ಬಾಯಲ್ಲೇ ಇಟ್ಟುಕೊಂಡು ಕಾಯುತ್ತದೆ, ಯಾವ ಕೆರೆಗೆ ಹೋದರೂ ತುಂಬಿಬಿಡುತ್ತದೆ. ಅದನ್ನು ಬಿಡುವುದೇನೂ ಬೇಡ. ಹುಣಿಸೆ ಹುಳಿ ಹಾಕಿ ಸಾರು ಮಾಡಿ. ಬಿಡಬೇಕಾದ್ದು ಬೇರೆ. ಮಳೆಗಾಲದಲ್ಲಿ ಕೆಂಪು ಮರಿಗಳ ಗುಂಪಿನ ಕೆಳಗೆ ಕಾವಲು ನಿಂತ ಕೊರವ, ಕೋಲಾರದ ಕಡೆಯವರು ಕೊರಮೀನು ಅನ್ನುತ್ತಾರಲ್ಲ, ಅದು ಸಿಕ್ಕರೆ ಬಿಡಲು ಹೇಳಿ. ಅದೊಂದನ್ನು ಹಿಡಿದರೆ ಮರಿಗಳನ್ನು ಮಿಕ್ಕವು ಅರ್ಧ ದಿನದಲ್ಲಿ ಮುಗಿಸುತ್ತವೆ.

ಪ್ರಶ್ನೆ: ಕೃಷಿ ಹೊಂಡ ಇದೆ, ಪಾಲಿಥಿನ್ ಹಾಸಿದ್ದೇವೆ. ಒಬ್ಬರು ಫೋನ್ ಮಾಡಿ ಟ್ರೌಟ್ ಮರಿ ಕೊಡುತ್ತೇವೆ, ಬೆಂಗಳೂರಿನ ಹೋಟೆಲ್‌ಗಳಲ್ಲಿ ಒಳ್ಳೆ ರೇಟು, ಮುಂಗಡ ಕಳಿಸಿ ಅನ್ನುತ್ತಿದ್ದಾರೆ. ಹಾಕಬಹುದಾ?
ಒಬ್ಬ ರೈತರು, ಮಾಲೂರು

ಉತ್ತರ: ಮುಂಗಡ ಕಳಿಸಿದ್ದೀರಾ? ಇಲ್ಲ ತಾನೇ? ಕಳಿಸಬೇಡಿ.

ನಿಮ್ಮ ಹೊಂಡದ ನೀರು ಏಪ್ರಿಲ್‌ನಲ್ಲಿ ಮಧ್ಯಾಹ್ನ ಮುಟ್ಟಿ ನೋಡಿದ್ದೀರಾ? 30 ಡಿಗ್ರಿ ಆಸುಪಾಸು ಇರುತ್ತದೆ. ಟ್ರೌಟ್‌ಗೆ 20 ದಾಟಿದರೆ ಸಂಕಟ, 25ರ ಹತ್ತಿರ ಹೋದರೆ ಸಾವು. ಬಿಸಿಯೊಂದೇ ಅಲ್ಲ, ನೀರು ಬೆಚ್ಚಗಾದಷ್ಟೂ ಅದರಲ್ಲಿ ಕರಗುವ ಆಮ್ಲಜನಕ ಕಮ್ಮಿ. 10 ಡಿಗ್ರಿ ನೀರಿನಲ್ಲಿ ಲೀಟರಿಗೆ ಸುಮಾರು 11 ಮಿಲಿಗ್ರಾಂ ಕರಗಿದರೆ 30 ಡಿಗ್ರಿಯಲ್ಲಿ ಏಳೂವರೆ. ಬೇಡಿಕೆ ಹೆಚ್ಚುವ ಹೊತ್ತಿಗೇ ಸರಬರಾಜು ಇಳಿಯುತ್ತದೆ. ಅದಕ್ಕೇ ಟ್ರೌಟ್ ಸಾಕುವವರು ಬೆಟ್ಟದ ತಣ್ಣೀರನ್ನು ಉದ್ದ ಕಾಲುವೆಯಂಥ ತೊಟ್ಟಿಗಳಲ್ಲಿ ಹಗಲೂ ರಾತ್ರಿ ಹರಿಸುತ್ತಾರೆ. ನಂದಿ ಬೆಟ್ಟದ ಎತ್ತರ 1,478 ಮೀಟರ್, ಅಲ್ಲಿಯೂ ವರ್ಷವಿಡೀ ಹರಿಯುವ ತೊರೆ ಇಲ್ಲ, ಮಾಲೂರಿನ ಮಾತೇಕೆ.

ನಿಮ್ಮ ಹೊಂಡಕ್ಕೆ ಕಾಟ್ಲಾ, ರೋಹು, ಸಾಮಾನ್ಯ ಗೆಂಡೆ. ತಾಲ್ಲೂಕು ಮೀನುಗಾರಿಕೆ ಕಚೇರಿಯಲ್ಲಿ ಕೇಳಿ ಬಲಿತ ಮರಿ ತನ್ನಿ. ಆಫ್ರಿಕನ್ ಕ್ಯಾಟ್‌ಫಿಶ್ ಬೇಗ ಬೆಳೆಯುತ್ತೆ ಅಂತ ಇನ್ನೊಬ್ಬರು ಬಂದಾರು. ಅದು 2000ದಿಂದ ದೇಶದಲ್ಲೇ ನಿಷೇಧ.

ಪ್ರಶ್ನೆ: ಅಮೆರಿಕಕ್ಕೆ ಹೋಗುವ ಯೋಗ ನಮಗಿಲ್ಲ. ನಮ್ಮ ದೇಶದಲ್ಲಿ ಟ್ರೌಟ್ ಎಲ್ಲಿದೆ? ಚಳಿಯಲ್ಲೇ ಹಿಡಿಯಬೇಕು ಅಂತಾದರೆ ಯಾವಾಗ ಹೋಗಲಿ?
ನಿವೃತ್ತ ಶಿಕ್ಷಕರು, ಕೋಲಾರ

ಉತ್ತರ: ಮೇಷ್ಟ್ರೇ, ಟ್ರೌಟ್ ನಮ್ಮ ದೇಶದ ಮೀನೇ ಅಲ್ಲ. ಬ್ರಿಟಿಷರು ಬೆಟ್ಟಗಳಲ್ಲಿ ಕೂತು ಊರು ನೆನಪಾದಾಗ ತರಿಸಿಕೊಂಡದ್ದು. ಮೊಟ್ಟೆಗಳನ್ನು ಮಂಜುಗಡ್ಡೆಯಲ್ಲಿಟ್ಟು ಹಡಗಿನಲ್ಲಿ ತಂದರು. ಕಾಶ್ಮೀರದಲ್ಲಿ 1900ರ ಹೊತ್ತಿಗೆ ನೆಲೆ ನಿಂತಿತು, ನೀಲಗಿರಿಯಲ್ಲಿ ಬ್ರೌನ್ ಟ್ರೌಟ್ ಕೈಕೊಟ್ಟು, ರೇನ್‌ಬೋ ಟ್ರೌಟ್ ಉಳಿಯಿತು. ಊಟಿ ಹತ್ತಿರದ ಅವಲಾಂಚಿಯಲ್ಲಿ ಆಗಿನ ಕಾಲದ ಮರಿ ಕೇಂದ್ರ ಇದೆ. ಮುನ್ನಾರ್ ಕಡೆಯ ಎತ್ತರದ ತೊರೆಗಳಲ್ಲೂ ಉಂಟು. ತಮಾಷೆ ನೋಡಿ, ಅಮೆರಿಕದಲ್ಲೂ ಬ್ರೌನ್ ಟ್ರೌಟ್ ಹೊರಗಿನದೇ, 1883ರಲ್ಲಿ ಜರ್ಮನಿಯಿಂದ ಹೋದದ್ದು. ಪೆನ್ಸಿಲ್ವೇನಿಯಾದ ಸ್ವಂತ ಮೀನು ಬ್ರೂಕ್ ಟ್ರೌಟ್, ಅದು ಹೊಸಬನಿಗೆ ಜಾಗ ಬಿಟ್ಟು ಬೆಟ್ಟದ ತುದಿಯ ಸಣ್ಣ ತೊರೆಗಳಿಗೆ ಸರಿದಿದೆ.

ನಿಮಗೆ ನಾನು ಹೇಳುವುದು ಹಿಮಾಚಲ. ಅಲ್ಲಿ ಟ್ರೌಟ್ ಮೊಟ್ಟೆ ಇಡುವ ಕಾಲ ಅಂತ ನವೆಂಬರ್‌ನಿಂದ ಫೆಬ್ರವರಿವರೆಗೆ ಹಿಡಿಯುವುದು ಬಂದ್. ತೆರೆಯುವುದು ಮಾರ್ಚ್ 1ಕ್ಕೆ. ಆ ಮೊದಲ ವಾರವೇ ನಿಮ್ಮ ವಾರ. ಬಂಜಾರ್ ಕಡೆಯ ತೀರ್ಥನ್ ನದಿಗೆ ಹೋಗಿ, ಮೇಲಿನ ಬೆಟ್ಟದಲ್ಲಿ ಹಿಮ ಇನ್ನೂ ಇರುತ್ತದೆ, ಅದು ಕರಗಿ ಬಂದು ನೀರು ಕೆಂಪಾಗಿರುವುದಿಲ್ಲ. ಸೈಂಜ್, ಪಬ್ಬರ್, ಬಸ್ಪಾ ಕೂಡ ಟ್ರೌಟ್ ನದಿಗಳೇ. ಮೀನುಗಾರಿಕೆ ಇಲಾಖೆಯಿಂದ ದಿನದ ಲೈಸೆನ್ಸ್ ಮಾಡಿಸಿಕೊಳ್ಳಿ. ಕುಲು ಹತ್ತಿರದ ಪತ್ಲಿಕುಹಲ್‌ನಲ್ಲಿ ನಾರ್ವೆ ನೆರವಿನಿಂದ ಬೆಳೆದ ಸರ್ಕಾರಿ ಟ್ರೌಟ್ ಫಾರ್ಮ್ ಇದೆ, ಗಾಳಕ್ಕೆ ಬೀಳದಿದ್ದರೆ ಅಲ್ಲಿಗೆ ಹೋಗಿ ನೋಡಿಕೊಂಡಾದರೂ ಬರಬಹುದು. ಕಾಶ್ಮೀರದಲ್ಲಿ ಏಪ್ರಿಲ್‌ನಿಂದ ಶುರು, ಅದು ಚಳಿ ಮುಗಿದ ಮೇಲೆ.

ಹೋದಾಗ ಒಂದು ನೆನಪಿಡಿ. ಆ ನದಿಗಳಲ್ಲಿ ಸ್ನೋ ಟ್ರೌಟ್ ಅನ್ನುವ ಮೀನು ಸಿಕ್ಕರೆ ಅದು ಟ್ರೌಟ್ ಜಾತಿಯೇ ಅಲ್ಲ, ನಮ್ಮ ಗೆಂಡೆಯ ಬಳಗ, ಹಿಮಾಲಯದ ಮೂಲ ನಿವಾಸಿ. ನನ್ನನ್ನು ಕೇಳಿದರೆ ಮರ್ಯಾದೆ ಅದಕ್ಕೇ ಮೊದಲು ಸಲ್ಲಬೇಕು.

ಪ್ರಶ್ನೆ: ಟ್ರೌಟ್ ರುಚಿ ಹೇಗೆ? ನಮ್ಮ ಮಸಾಲೆಗೆ ಹೊಂದುತ್ತಾ?
ಮೆಸ್ ನಡೆಸುವವರು, ತಿಪಟೂರು

ಉತ್ತರ: ಮುಳ್ಳು ಕಮ್ಮಿ, ಮಾಂಸ ಮೆತ್ತಗೆ, ಕೆರೆ ಮೀನಿನ ಕೆಸರು ವಾಸನೆ ಇಲ್ಲ. ಸಾರಿಗೆ ಹಾಕಿದರೆ ಪುಡಿಯಾಗಿ ಹುಡುಕಬೇಕಾಗುತ್ತದೆ. ಉಪ್ಪು, ಮೆಣಸು, ನಿಂಬೆ, ಕಾವಲಿ. ಖಾರ ಅರೆದು ಬಳಿದರೆ ಅದರ ದುಡ್ಡು ದಂಡ, ಆ ಮಸಾಲೆಗೆ ನಮ್ಮ ರೋಹುವೇ ಸಾಕು.

ಪ್ರಶ್ನೆ: ಮಗ ಅಮೆರಿಕದಲ್ಲಿ ಓದುತ್ತಿದ್ದಾನೆ. ಹಿಮ ಬಿದ್ದಿರುವಾಗ ಹೊಳೆಯಲ್ಲಿ ನಿಂತು ಮೀನು ಹಿಡಿಯುವ ಫೋಟೋ ಕಳಿಸಿದ್ದಾನೆ. ನಿದ್ದೆ ಬರುತ್ತಿಲ್ಲ. ಏನು ಹೇಳಲಿ?
ಒಬ್ಬ ತಾಯಿ, ಗೌರಿಬಿದನೂರು

ಉತ್ತರ: ಹೋಗಬೇಡ ಅಂದರೆ ಹೋಗುವುದು ಬಿಡಲ್ಲ, ಫೋಟೋ ಕಳಿಸುವುದು ಬಿಡುತ್ತಾನೆ. ಹಾಗಾಗಿ ಇದನ್ನು ಅವನಿಗೆ ಕಳಿಸಿ ಅಮ್ಮ.

ಮೊಣಕಾಲಿಗಿಂತ ಆಳಕ್ಕೆ ಇಳಿಯುವುದು ಬೇಡ. ಚಳಿಗಾಲದಲ್ಲಿ ಮೀನು ದಡದ ಹತ್ತಿರದ ಗುಂಡಿಯಲ್ಲೂ ಸಿಗುತ್ತದೆ. ಬಿದ್ದಾಗ ಅಪಾಯ ಬರೀ ಮುಳುಗುವುದಲ್ಲ. ಅಂಥ ತಣ್ಣೀರು ಎದೆಗೆ ತಾಗಿದ ಕೂಡಲೇ ಉಸಿರು ಒಳಗೆ ಎಳೆದುಕೊಳ್ಳುತ್ತದೆ, ನಾವು ಎಳೆಯದಿದ್ದರೂ. ಬಾಯಿ ನೀರೊಳಗಿದ್ದರೆ ನೀರೇ ಒಳಗೆ ಹೋಗುತ್ತದೆ. ಆಮೇಲೆ ಕೆಲವೇ ನಿಮಿಷದಲ್ಲಿ ಕೈಕಾಲು ಮಾತು ಕೇಳುವುದಿಲ್ಲ. ರಬ್ಬರ್ ಪ್ಯಾಂಟಿನ ಮೇಲೆ ಸೊಂಟಕ್ಕೆ ಬೆಲ್ಟ್ ಬಿಗಿದಿರಬೇಕು, ಬಿದ್ದರೆ ನೀರು ತುಂಬದಂತೆ. ಕೈಯಲ್ಲಿ ಊರುಗೋಲು. ದಡದಿಂದ ಚಾಚಿಕೊಂಡ ಮಂಜುಗಡ್ಡೆ ಮೇಲೆ ಕಾಲಿಡಬಾರದು, ಅದರ ಅಡಿ ಟೊಳ್ಳು. ಒಳಗೆ ಹತ್ತಿ ಬಟ್ಟೆ ಬೇಡ, ಒದ್ದೆಯಾದರೆ ಅದು ಮೈಬಿಸಿ ಹೀರುತ್ತದೆ, ಉಣ್ಣೆ ಒದ್ದೆಯಾದರೂ ಸ್ವಲ್ಪ ಬೆಚ್ಚಗಿಡುತ್ತದೆ. ಕಾರಿನಲ್ಲಿ ಒಂದು ಜೊತೆ ಒಣ ಬಟ್ಟೆ, ಫ್ಲಾಸ್ಕ್‌ನಲ್ಲಿ ಬಿಸಿ ಬಿಸಿ ಕುಡಿಯಲು ಏನಾದರೂ. ಒಬ್ಬನೇ ಹೋಗಬಾರದು. ಹೋಗುವ ಮುಂಚೆ ಯಾವ ಹಳ್ಳ, ಎಷ್ಟು ಗಂಟೆಗೆ ವಾಪಸ್ ಅಂತ ನಿಮಗೆ ಮೆಸೇಜ್ ಹಾಕಲಿ. ಅವನ ಮೂರು ಗಂಟೆ ನಿಮಗೆ ನಡುರಾತ್ರಿ ದಾಟಿರುತ್ತದೆ. ಹೇಗೂ ನಿದ್ದೆ ಬರುತ್ತಿಲ್ಲ ಅಂದಿರಲ್ಲ.

ಪ್ರಶ್ನೆ: ತಾತ, ನಾನು ಒಂಬತ್ತನೇ ಕ್ಲಾಸು. ಚಳಿಗಾಲದಲ್ಲಿ ನಮ್ಮೂರ ಕೆರೆಯಲ್ಲಿ ಬೆಳಗ್ಗೆ ಎಷ್ಟು ಹೊತ್ತು ಕೂತರೂ ಮೀನು ಬೀಳಲ್ಲ. ಬೇಸಿಗೆಯಲ್ಲಿ ಬೀಳುತ್ತೆ. ಎರೆಹುಳು, ರಾಗಿ ಹಿಟ್ಟು ಎರಡೂ ಹಾಕಿದೆ.
ಒಬ್ಬ ವಿದ್ಯಾರ್ಥಿ, ಶಿರಾ

ಉತ್ತರ: ಹುಳುವಿನ ತಪ್ಪಲ್ಲ ಮಗು. ಮೇಲೆ ಚಿಕ್ಕಬಳ್ಳಾಪುರದ ಅಣ್ಣನಿಗೆ ಬರೆದದ್ದನ್ನು ಓದು, ನಿನ್ನ ಉತ್ತರವೂ ಅಲ್ಲೇ ಇದೆ. ನಿನ್ನ ಕೆರೆ ಮೀನು ಬೆಚ್ಚನೆ ನೀರಿನ ಜಾತಿ. ಟ್ರೌಟ್‌ಗೆ 10 ಡಿಗ್ರಿ ಹೇಗೋ ಜಿಲೇಬಿಗೆ 20 ಡಿಗ್ರಿ ಹಾಗೆ, ಅದಕ್ಕಿಂತ ಇಳಿದರೆ ಮೈ ಮುದುರಿಕೊಂಡು ಆಳಕ್ಕೆ ಹೋಗುತ್ತದೆ. ಜನವರಿ ಬೆಳಗ್ಗೆ ದಡದ ನೀರು ರಾತ್ರಿಯೆಲ್ಲ ತಣ್ಣಗಾಗಿರುತ್ತದೆ, ನೀನು ಅಲ್ಲೇ ಗಾಳ ಹಾಕಿ ಕೂತಿರುತ್ತೀಯ.

ಬೆಳಗ್ಗೆ ಓದಿಕೋ. ಶಾಲೆ ಬಿಟ್ಟ ಮೇಲೆ ಹೋಗು, ಒಬ್ಬನೇ ಬೇಡ, ಅಪ್ಪನನ್ನೋ ಮಾವನನ್ನೋ ಕರೆದುಕೊಂಡು ಹೋಗು. ಕೆರೆಯನ್ನು ಮೀನಿಗೆ ಹರಾಜು ಹಿಡಿದವರು ಇದ್ದರೆ ಮೊದಲು ಅವರನ್ನು ಕೇಳಿ, ಒಂದು ಗಾಳಕ್ಕೆ ಬೇಡ ಅನ್ನುವವರು ಕಮ್ಮಿ. ಏರಿಯ ಕಲ್ಲುಕಟ್ಟಣೆಗೆ ದಿನವಿಡೀ ಬಿಸಿಲು ಬಿದ್ದ ಕಡೆ ನೋಡು, ಕಲ್ಲು ಬಿಸಿಯಾಗಿ ಪಕ್ಕದ ನೀರೂ ಬೆಚ್ಚಗಿರುತ್ತದೆ. ಗಾಳಿ ಯಾವ ಕಡೆ ಬೀಸುತ್ತದೋ ಆ ಕಡೆಯ ದಡ ಇನ್ನೂ ಒಳ್ಳೆಯದು, ಮೇಲಿನ ಬೆಚ್ಚನೆ ನೀರನ್ನು ಗಾಳಿ ಅಲ್ಲಿಗೇ ತಳ್ಳಿರುತ್ತದೆ. ಗಾಳ ಒಂದು ಸೈಜು ಚಿಕ್ಕದು ಹಾಕು, ಎರೆಹುಳು ಪೂರ್ತಿ ಬೇಡ, ತುಂಡು ಸಾಕು. ಬೆಂಡು ಮುಳುಗುವುದನ್ನೇ ಕಾಯಬೇಡ, ನಿಂತರೂ, ಸುಮ್ನೆ ಒಂದು ಕಡೆ ವಾಲಿದರೂ ಎತ್ತು. ಮೆಲ್ಲಗೆ.

ನಿಮ್ಮ ಶಾಲೆಯ ವಿಜ್ಞಾನದ ಲ್ಯಾಬಿನಲ್ಲಿ ಥರ್ಮಾಮೀಟರ್ ಇರುತ್ತದೆ. ಮೇಷ್ಟ್ರನ್ನು ಕೇಳಿ ತಂದು, ಬೆಳಗ್ಗೆ ಏಳಕ್ಕೆ ಒಂದು ಸಲ, ಸಂಜೆ ನಾಲ್ಕೂವರೆಗೆ ಒಂದು ಸಲ ಅದೇ ಜಾಗದ ನೀರು ಅಳೆದು ಒಂದು ವಾರ ಬರೆದಿಡು. ಜ್ವರ ನೋಡುವ ಥರ್ಮಾಮೀಟರ್ ಅಲ್ಲ, ಅದು 35ರಿಂದ ಶುರುವಾಗುತ್ತದೆ. ಬರೆದ ಹಾಳೆ ನನಗೆ ಕಳಿಸು, ಮೀನು ಬಿದ್ದ ದಿನಕ್ಕೆ ಪಕ್ಕದಲ್ಲಿ ಒಂದು ಗುರುತು ಹಾಕಿ.